ಮನೆಗಿಟ್ಟ ಹಾಲು, ಡೈರಿಗೆ ಹಾಕುವ ಹಾಲು

ಹಾಸನ ಜಿಲ್ಲೆಯ ಯಾವ ಹಳ್ಳಿಯಲ್ಲಾದರೂ ಬೆಳಿಗ್ಗೆ ಆರೂವರೆ ಹೊತ್ತಿಗೆ ‘ಡೈರಿ’ ಅಂದರೆ ಒಂದೇ ಅರ್ಥ: ಹಾಲು ಹಾಕುವ ಜಾಗ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರ ಹತ್ತಿರ ಹೋಗಿ ‘ನಾನೂ ದಿನಾ ಡೈರಿ ಬರೀತೀನಿ’ ಅಂದರೆ ‘ಎಷ್ಟು ಲೀಟರು?’ ಅಂತ ಕೇಳಿಯಾರು. ತಮಾಷೆಗೆ ಹೇಳಿದೆ, ಆದರೆ ಈ ಲೇಖನದ ವಿಷಯವೂ ಅಲ್ಲೇ ಇದೆ. ಕರೆದ ಹಾಲಿನಲ್ಲಿ ಮಕ್ಕಳಿಗೆ, ಕಾಫಿಗೆ ಅಂತ ಒಂದು ಪಾಲು ಮನೆಗೆ ಎತ್ತಿಡುತ್ತಾರೆ. ಅದರ ಫ್ಯಾಟ್ ಎಷ್ಟು, ಗಟ್ಟಿತನದ ಡಿಗ್ರಿ ಎಷ್ಟು ಅಂತ ಯಾರೂ ನೋಡುವುದಿಲ್ಲ. ಡೈರಿಗೆ ಹೋದ ಪಾಲನ್ನು ಅಳೆಯುತ್ತಾರೆ, ಪರೀಕ್ಷೆ ಮಾಡುತ್ತಾರೆ, ಚೀಟಿಯಲ್ಲಿ ಬರೆಯುತ್ತಾರೆ, ನೀರು ಬೆರೆತಿದ್ದರೆ ವಾಪಸ್ ಕಳಿಸುತ್ತಾರೆ. ಎರಡೂ ಒಂದೇ ಹಸುವಿನ ಹಾಲು. ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ಅದರ ಕಟ್ಟುಪಾಡು ಬೇರೆ.

ಬರೆಯುವವರ ವಿಷಯದಲ್ಲೂ ಹೀಗೇ. ತನಗೇ ಅಂತ ಬರೆದುಕೊಂಡದ್ದು ಒಂದು, ಓದುಗರಿಗೆ ಅಂತ ಬರೆದದ್ದು ಇನ್ನೊಂದು. ಈ ವ್ಯತ್ಯಾಸ ಸಾಮಾನ್ಯವಾಗಿ ಯಾರ ತಲೆಯನ್ನೂ ಕೆಡಿಸುತ್ತಿರಲಿಲ್ಲ. 2025ರ ಮೇ 20ರಂದು ಲಂಡನ್ನಿನಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಸಂಕಲನಕ್ಕೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಕೃತಿ ಅದು. ಸಣ್ಣಕಥೆಗಳ ಸಂಕಲನವೊಂದಕ್ಕೆ ಅದು ಬಂದದ್ದೂ ಮೊದಲ ಸಲ. ಕರಡು ತಿದ್ದುವುದು ನನ್ನ ಕಸುಬು. ಅಲ್ಲಿಯವರೆಗೆ ನನ್ನ ಮೇಜಿಗೆ ಬರುತ್ತಿದ್ದದ್ದು ಮದುವೆಯ ಲಗ್ನಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಅಪರೂಪಕ್ಕೊಂದು ಕವನ ಸಂಕಲನ. ಅದಾದ ಮೇಲೆ ಹಳೆಯ ನೋಟ್‌ಬುಕ್ಕುಗಳು ಬರತೊಡಗಿದವು. ತರುವವರು ಹೆಚ್ಚುಕಡಿಮೆ ಎಲ್ಲರೂ ಎರಡು ಮಾತು ಹೇಳುತ್ತಾರೆ. ‘ಇದರಲ್ಲಿ ಕಥೆ ಆಗೋ ಅಂಥದ್ದೇನಾದ್ರೂ ಇದ್ಯಾ ನೋಡಿ ಸಾರ್.’ ಬಾಗಿಲ ತನಕ ಹೋಗಿ, ತಿರುಗಿ ನಿಂತು, ‘ಯಾರಿಗೂ ತೋರಿಸ್ಬೇಡಿ, ಆಯ್ತಾ?’

ಈ ಎರಡು ಮಾತನ್ನೂ ಒಟ್ಟಿಗೆ ನಡೆಸಿಕೊಡಲು ಬರುತ್ತದೆಯೇ? ಬರುತ್ತದೆ. ಹೇಗೆ ಅನ್ನುವುದಕ್ಕೆ ಸ್ವಲ್ಪ ಬುಡದಿಂದ ಶುರುಮಾಡಬೇಕು.

ದಿನಚರಿ, ಜರ್ನಲ್, ಟಿಪ್ಪಣಿ: ಯಾವುದು ಯಾವುದು?

ತಾರೀಖಿನ ಕೆಳಗೆ ಆ ದಿನ ನಡೆದದ್ದನ್ನು ಬರೆದರೆ ಅದು ದಿನಚರಿ ಅಥವಾ ಡೈರಿ. ನಡೆದದ್ದಕ್ಕಿಂತ ಅನ್ನಿಸಿದ್ದಕ್ಕೆ, ಯೋಚಿಸಿದ್ದಕ್ಕೆ ಹೆಚ್ಚು ಜಾಗ ಕೊಟ್ಟರೆ ಈಗಿನವರು ಅದನ್ನು ಜರ್ನಲ್ ಅನ್ನುತ್ತಾರೆ. ಕೇಳಿದ ಮಾತು, ಕಂಡ ಮುಖ, ಮುಂದೆ ಬರೆಯಬೇಕೆಂದುಕೊಂಡದ್ದರ ಒಂದು ಸಾಲು, ಹೀಗೆ ಸರಕು ಕೂಡಿಟ್ಟರೆ ಅದು ಟಿಪ್ಪಣಿ ಪುಸ್ತಕ. ಮನೆಗಳಲ್ಲಿ ನೋಡಿದರೆ ಈ ಮೂರೂ ಒಂದೇ ನೋಟ್‌ಬುಕ್ಕಿನಲ್ಲಿ ಇರುತ್ತವೆ, ಹಿಂದಿನ ರಟ್ಟಿನ ಒಳಗೆ ಹಾಲಿನ ಲೆಕ್ಕದ ಸಮೇತ. ಹಾಗಾಗಿ ಹೆಸರು ಹಿಡಿದು ವಿಂಗಡಿಸಲು ಹೊರಟರೆ ಕೆಲಸ ಸಾಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಇದನ್ನು ಓದಲಿ ಅಂತ ಬರೆದದ್ದು ಯಾರಿಗೆ?

ಈ ಪ್ರಶ್ನೆಗೆ ಒಂದು ತುದಿಯ ಉತ್ತರ ನಮ್ಮ ಬೇಲೂರು ತಾಲ್ಲೂಕಿನಲ್ಲೇ ಇದೆ. ಹಲ್ಮಿಡಿಯ ಶಾಸನ, ಸುಮಾರು ಕ್ರಿ.ಶ. 450ರದು. ಯುದ್ಧದಲ್ಲಿ ಶೌರ್ಯ ತೋರಿದವನಿಗೆ ಊರುಗಳನ್ನು ದತ್ತಿ ಕೊಟ್ಟ ಸುದ್ದಿಯನ್ನು ಕಲ್ಲಿನ ಮೇಲೆ ಕೆತ್ತಿ ಬಯಲಲ್ಲಿ ನಿಲ್ಲಿಸಿದ್ದರು. ದತ್ತಿಯನ್ನು ಕೆಡಿಸುವವನಿಗೆ ಮಹಾಪಾತಕ ತಟ್ಟಲಿ ಎಂಬ ಶಾಪವೂ ಅದರಲ್ಲಿದೆ. ಎಲ್ಲರೂ ಓದಲಿ, ಮುಂದೆ ಹುಟ್ಟುವವರೂ ಓದಲಿ ಅನ್ನುವುದೇ ಅದರ ಉದ್ದೇಶ. ನಡುವೆ ಎಲ್ಲೋ ಕಡತ ನಿಲ್ಲುತ್ತದೆ. ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಾಡಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚಿರಪರಿಚಿತ. ಕಡತ ಊರಿಗೆಲ್ಲ ಅಲ್ಲ, ಲೆಕ್ಕ ನೋಡುವ ನಾಲ್ಕು ಜನಕ್ಕೆ. ಇನ್ನೊಂದು ತುದಿಯಲ್ಲಿ, ಬೀರುವಿನಲ್ಲಿ ಸೀರೆಗಳ ಅಡಿ ಇಟ್ಟ ನೋಟ್‌ಬುಕ್ಕು. ಅದಕ್ಕೆ ಬರೆದವರೇ ಓದುಗರು. ಎಷ್ಟೋ ಸಲ ಅವರೂ ತಿರುಗಿ ಓದುವುದಿಲ್ಲ.

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ‘ರೈಟರ್’ ಆಗಿ ನಿವೃತ್ತರಾದವರೊಬ್ಬರು ಹದಿನಾಲ್ಕು ಡೈರಿ ತಂದುಕೊಟ್ಟರು. (ತೋಟದಲ್ಲಿ ರೈಟರ್ ಅಂದರೆ ಸಾಹಿತಿ ಅಲ್ಲ, ಆಳುಗಳ ಹಾಜರಿ ಬರೆದು ಚೆಕ್‌ರೋಲು ನೋಡಿಕೊಳ್ಳುವವರು. ಆದರೆ ನಾನು ಕಂಡ ಹಲವು ಸಾಹಿತಿಗಳಿಗಿಂತ ಇವರು ಹೆಚ್ಚು ನಿಯಮವಾಗಿ ಬರೆದಿದ್ದಾರೆ.) ಎಲ್ಲವೂ ಗೊಬ್ಬರದ ಅಂಗಡಿಯವರು ಹೊಸವರ್ಷಕ್ಕೆ ಕೊಟ್ಟ ಡೈರಿಗಳು. ಪ್ರತಿ ಪುಟದ ಮೇಲ್ಗಡೆ ಆ ದಿನದ ಮಳೆ, ಇಂಚು ಮತ್ತು ಸೆಂಟಿನಲ್ಲಿ. ಇಂಚಿಗೆ ನೂರು ಸೆಂಟು. ಕೆಳಗೆ ಎಷ್ಟು ಆಳು, ಯಾವ ಕೆಲಸ. ಅದರ ಕೆಳಗೆ, ಇನ್ನೂ ಸಣ್ಣ ಅಕ್ಷರದಲ್ಲಿ, ಅವರ ಸ್ವಂತದ್ದು. ಶಾಸನವೂ ಕಡತವೂ ಬೀರುವಿನ ನೋಟ್‌ಬುಕ್ಕೂ ಒಂದೇ ಹಾಳೆಯಲ್ಲಿ ಇದ್ದ ಹಾಗೆ ಅದು. ಮಳೆಯ ಲೆಕ್ಕ ಯಾರು ಬೇಕಾದರೂ ನೋಡಬಹುದು, ಹಾಜರಿ ತೋಟದವರಿಗೆ, ಉಳಿದದ್ದು ಅವರಿಗೆ. ಈ ಡೈರಿಗಳ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ.

ಒಂದೇ ಸಂಜೆ, ಎರಡು ಬರಹ

ವ್ಯತ್ಯಾಸವನ್ನು ಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ. ಬಂದ ನೋಟ್‌ಬುಕ್ಕುಗಳಿಂದ ಏನನ್ನೂ ಎತ್ತುವುದಿಲ್ಲ; ಇದು ಉದಾಹರಣೆಗೆ ಅಂತ ನಾನೇ ಕಟ್ಟಿದ್ದು. ಮೊದಲು ಡೈರಿಯ ಪುಟ:

‘ಗುರುವಾರ. ಸಂಜೆ ಮಳೆ. ಅತ್ತೆಯ ತಂಗಿ ಬಂದಿದ್ರು. ಮತ್ತೆ ಅದೇ ವಿಷ್ಯ. ಇವರು ಬಾಯೇ ಬಿಡಲಿಲ್ಲ. ನಂಗೆ ತುಂಬಾ ಬೇಜಾರಾಯ್ತು, ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಕರೆಂಟ್ ಇರಲಿಲ್ಲ.’

ಈಗ ಅದೇ ಸಂಜೆ, ಕಥೆಯಾಗಿ:

‘ಕರೆಂಟು ಹೋಗಿ ಅರ್ಧ ಗಂಟೆಯಾಗಿತ್ತು. ಮೇಣದಬತ್ತಿ ತರುತ್ತೇನೆಂದು ಅವಳು ಅಡುಗೆಮನೆಗೆ ಎದ್ದುಹೋದಳು. ಹಜಾರದ ಕತ್ತಲಲ್ಲಿ ಚಿಕ್ಕತ್ತೆಯ ದನಿ ಇನ್ನೂ ಸೈಟು ಅಳೆಯುತ್ತಿತ್ತು: ಮೂವತ್ತಕ್ಕೆ ನಲವತ್ತು, ಮೂವತ್ತಕ್ಕೆ ನಲವತ್ತು. ಗಂಡ ಒಮ್ಮೆ ಕೆಮ್ಮಿದ. ಏನೋ ಹೇಳುತ್ತಾನೆಂದು ಅವಳು ಕಿವಿಗೊಟ್ಟಳು. ಬರೀ ಕೆಮ್ಮು. ಮೇಣದಬತ್ತಿ ಆಗಲೇ ಕೈಗೆ ಸಿಕ್ಕಿತ್ತು. ಅವಳು ಹುಡುಕುತ್ತಲೇ ಇದ್ದಳು.’

ಡೈರಿಯಲ್ಲಿ ‘ಇವರು’ ಅಂತ ಇದೆ. ಯಾರು ಇವರು? ಬರೆದವಳಿಗೆ ಆ ಮಾತಿನಲ್ಲಿ ಸಂಶಯವೇ ಇಲ್ಲ; ಗಂಡನ ಹೆಸರೆತ್ತದ ಮನೆಗಳಲ್ಲಿ ‘ಇವರು’ ಅಂದರೆ ಒಬ್ಬರೇ. ‘ಅದೇ ವಿಷ್ಯ’ವೂ ಹಾಗೆಯೇ. ಖಾಸಗಿ ಬರಹದ ಗುರುತು ಇದು: ಬರೆದವರ ತಲೆಯೊಳಗೆ ಇರುವುದು ಕಾಗದದ ಮೇಲೆ ಇರಬೇಕಾಗಿಲ್ಲ. ಓದುಗರು ಬಂದ ತಕ್ಷಣ ‘ಇವರು’ ಗಂಡ ಆಗಬೇಕು, ‘ಅದೇ ವಿಷ್ಯ’ ಸೈಟು ಆಗಬೇಕು.

ಎರಡನೆಯದು ಅಳು. ಡೈರಿಯಲ್ಲಿ ‘ಬೇಜಾರಾಯ್ತು, ಅತ್ತುಬಿಟ್ಟೆ’ ಅಂದರೆ ಸಾಕು, ಆ ಅಳು ಅವಳದೇ, ಅದರ ರುಚಿ ಅವಳಿಗೆ ಗೊತ್ತು. ಹೊರಗಿನವರಿಗೆ ‘ಅತ್ತಳು’ ಅಂದರೆ ಅದೊಂದು ಸುದ್ದಿ, ಅಷ್ಟೇ. ಅದಕ್ಕೇ ಕಥೆಯಲ್ಲಿ ಅಳುವ ಮಾತೇ ಇಲ್ಲ. ಸಿಕ್ಕ ಮೇಣದಬತ್ತಿಯನ್ನು ಹುಡುಕುತ್ತಲೇ ಇರುವ ಕೈ ಇದೆ. ಮೂರನೆಯದು ಕರೆಂಟು. ಡೈರಿಯಲ್ಲಿ ಅದು ನೆನಪಾದ ಕೊನೆಯ ಸಾಲು. ಕಥೆಯಲ್ಲಿ ಮೊದಲಿಗೆ ಬಂದಿದೆ, ಏಕೆಂದರೆ ಕತ್ತಲಿಲ್ಲದಿದ್ದರೆ ಮಿಕ್ಕಿದ್ದು ನಡೆಯುವುದಿಲ್ಲ. ಡೈರಿ ನೆನಪಿನ ಅನುಕ್ರಮದಲ್ಲಿ ಸಾಗುತ್ತದೆ, ಕಥೆ ಓದುವವರಿಗೆ ಬೇಕಾದ ಅನುಕ್ರಮದಲ್ಲಿ. ಕೆಮ್ಮು ಮಾತ್ರ ಡೈರಿಯಲ್ಲಿ ಇರಲೇ ಇಲ್ಲ. ಅದು ಹುಟ್ಟಿದ್ದು ಕಥೆ ಬರೆಯುವಾಗ. ಸೃಜನಶೀಲ ಅಂತ ದೊಡ್ಡ ಹೆಸರಿಟ್ಟು ಕರೆಯುವುದು ಇಂಥ ಸಣ್ಣ ಕೆಮ್ಮನ್ನೇ.

ಇದರಲ್ಲಿ ಯಾವುದು ಒಳ್ಳೆಯ ಬರಹ ಅಂತ ಕೇಳುವವರಿದ್ದಾರೆ. ಮನೆಗಿಟ್ಟ ಹಾಲಿನ ಫ್ಯಾಟ್ ಕೇಳಿದ ಹಾಗೆ ಅದು. ಆ ರಾತ್ರಿ ಅವಳಿಗೆ ಬೇಕಾಗಿದ್ದದ್ದು ‘ನಂಗೆ ಬೇಜಾರಾಯ್ತು’ ಅನ್ನುವ ಸಾಲೇ. ಅವತ್ತೇ ಕಥೆ ಬರೆಯಲು ಕೂತಿದ್ದರೆ ಬೇಜಾರೂ ಇಳಿಯುತ್ತಿರಲಿಲ್ಲ, ಕಥೆಯೂ ಆಗುತ್ತಿರಲಿಲ್ಲ. ಹಾಲಿಗೆ ಹೆಪ್ಪು ಹಾಕಿದ ಮೇಲೆ ಮುಟ್ಟದೆ ಬಿಡಬೇಕು; ಗಳಿಗೆಗೊಂದು ಸಲ ಮುಚ್ಚಳ ತೆಗೆದು ಕಲಕಿದರೆ ಮೊಸರು ಕಟ್ಟುವುದಿಲ್ಲ. ಡೈರಿಯ ಸಾಲು ಕಥೆಯಾಗಲು ನಡುವೆ ಇಂಥದೊಂದು ರಾತ್ರಿ ಕಳೆಯಬೇಕು. ಕೆಲವರಿಗೆ ಒಂದು ತಿಂಗಳು ಸಾಕು, ಕೆಲವರಿಗೆ ಇಪ್ಪತ್ತು ವರ್ಷ.

ಓದುಗರು ಹಿಂದೆ ಬಂದು ನಿಂತರೆ

ಒಂದೇ ಕೈ ತನಗಾಗಿಯೂ ಓದುಗರಿಗಾಗಿಯೂ ಒಂದೇ ಡೈರಿಯನ್ನು ಎರಡು ಸಲ ಬರೆದ ಉದಾಹರಣೆ ಇತಿಹಾಸದಲ್ಲಿ ಇದೆ, ಮತ್ತು ಎರಡೂ ಬಹುಮಟ್ಟಿಗೆ ಉಳಿದಿವೆ. ಆನ್ ಫ್ರಾಂಕ್ ಎಂಬ ಯಹೂದಿ ಹುಡುಗಿಗೆ 1942ರ ಜೂನ್ 12ರಂದು, ಹದಿಮೂರನೇ ಹುಟ್ಟುಹಬ್ಬಕ್ಕೆ ಒಂದು ನೋಟ್‌ಬುಕ್ ಸಿಕ್ಕಿತು. ಕೆಲವೇ ವಾರಗಳಲ್ಲಿ ಅವರ ಕುಟುಂಬ ನಾಜಿಗಳಿಂದ ತಪ್ಪಿಸಿಕೊಂಡು ಆಮ್‌ಸ್ಟರ್‌ಡ್ಯಾಮಿನ ಕಟ್ಟಡವೊಂದರ ಹಿಂಬದಿಯಲ್ಲಿ ಅಡಗಿತು. ಅವಳು ಬರೆಯುತ್ತಾ ಹೋದಳು, ತನಗಾಗಿ. 1944ರ ಮಾರ್ಚ್ 28ರಂದು ಲಂಡನ್ನಿನ ಡಚ್ ರೇಡಿಯೋದಲ್ಲಿ, ಅಲ್ಲಿ ಆಶ್ರಯ ಪಡೆದಿದ್ದ ಡಚ್ ಸರ್ಕಾರದ ಸಚಿವ ಬೋಲ್ಕೆಸ್ಟೈನ್ ಮಾತಾಡಿ, ಯುದ್ಧ ಮುಗಿದ ಮೇಲೆ ಜನಸಾಮಾನ್ಯರ ಡೈರಿ, ಪತ್ರಗಳನ್ನು ಸಂಗ್ರಹಿಸಬೇಕು ಅಂದರು. ಅಡಗುತಾಣದಲ್ಲಿ ಎಲ್ಲರ ಕಣ್ಣೂ ಅವಳ ಡೈರಿಯ ಕಡೆ ಹೊರಳಿತು. ಆ ವರ್ಷ ಮೇ 20ರಂದು ಅವಳು ಬಿಡಿ ಹಾಳೆಗಳಲ್ಲಿ ಡೈರಿಯನ್ನು ಮೊದಲಿನಿಂದ ತಿದ್ದಿ ಬರೆಯಲು ಕೂತಳು. (ತಾರೀಖು ನೋಡಿದಿರಾ? ನಮ್ಮ ಹಾಸನದ ಮೇ 20 ಬಂದದ್ದು ಅದಾಗಿ 81 ವರ್ಷಕ್ಕೆ.)

ಏನೇನು ತಿದ್ದಿದಳು? ಸಪ್ಪೆಯಾದದ್ದನ್ನು ಬಿಟ್ಟಳು. ಓದುವವರಿಗೆ ಗೊತ್ತಿಲ್ಲದ್ದನ್ನು ವಿವರಿಸಿದಳು. ಸಿಟ್ಟಿನ ಭರದಲ್ಲಿ ಬರೆದದ್ದನ್ನು ತಗ್ಗಿಸಿದಳು. ಜೊತೆಯಲ್ಲಿ ಅಡಗಿದ್ದವರ ಹೆಸರು ಬದಲಿಸಿದಳು: ವಾನ್ ಪೆಲ್ಸ್ ಕುಟುಂಬ ವಾನ್ ಡಾನ್ ಆಯಿತು, ತನ್ನ ಕೋಣೆಯನ್ನು ಹಂಚಿಕೊಂಡಿದ್ದ ಫೆಫರ್ ಎಂಬ ದಂತವೈದ್ಯರಿಗೆ ಡುಸೆಲ್ ಎಂಬ ಹೆಸರು ಬಂತು. ಜರ್ಮನ್ನಿನಲ್ಲಿ ಅದಕ್ಕೆ ಹೆಡ್ಡ ಎಂಬ ಅರ್ಥವಿದೆ. ಹೆಸರು ಮುಚ್ಚಿದ್ದೂ ಆಯಿತು, ಸೇಡು ತೀರಿಸಿಕೊಂಡದ್ದೂ ಆಯಿತು. ಹದಿನೈದರ ಹುಡುಗಿ, ಪಾಪ. ತಿದ್ದುವ ಕೆಲಸ ಮುಗಿಯಲಿಲ್ಲ. ಆಗಸ್ಟ್ 1ಕ್ಕೆ ಕೊನೆಯ ಪುಟ, ಆಗಸ್ಟ್ 4ಕ್ಕೆ ಬಂಧನ. 1947ರಲ್ಲಿ ಪುಸ್ತಕ ಮಾಡಿದ್ದು ಬದುಕುಳಿದ ಅಪ್ಪ. ಎರಡೂ ಪ್ರತಿಗಳನ್ನು ಸೇರಿಸಿದರು, ಅಮ್ಮನ ಮೇಲಿನ ಕೋಪ, ಮೈಯ ಬಗ್ಗೆ ಬರೆದದ್ದು ಮೊದಲಾದವುಗಳಲ್ಲಿ ಕೆಲವನ್ನು ಬಿಟ್ಟರು. ಅಂದರೆ ಜಗತ್ತು ಓದಿದ ‘ಖಾಸಗಿ’ ಡೈರಿ ಎರಡು ಜರಡಿ ದಾಟಿ ಬಂದದ್ದು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಮೊದಲ ನೋಟ್‌ಬುಕ್ಕಿನ ಎರಡು ಪುಟಗಳ ಮೇಲೆ ಅವಳು ಕಂದು ಬಣ್ಣದ ಕಾಗದ ಅಂಟಿಸಿ ಮುಚ್ಚಿದ್ದಳು. ಒಳಗಡೆ ಕೆಲವು ಪೋಲಿ ಜೋಕು, ಗಂಡುಹೆಣ್ಣಿನ ವಿಷಯದ ಕೆಲವು ಸಾಲು. 2018ರಲ್ಲಿ ಸಂಶೋಧಕರು ಛಾಯಾಚಿತ್ರ ತಂತ್ರದಿಂದ ಅದನ್ನೂ ಓದಿ ಪ್ರಕಟಿಸಿದರು. ಬರೆದವಳು ಅಂಟಿಸಿದ ಕಾಗದಕ್ಕೆ 76 ವರ್ಷ ಬಾಳಿಕೆ ಬಂತು, ಆಮೇಲೆ ಬರಲಿಲ್ಲ.

ಬೀಗದ ಇನ್ನೊಂದು ಬಗೆ ಲಂಡನ್ನಿನ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್‌ನದು. 1660ರ ಜನವರಿ 1ರಿಂದ 1669ರ ಮೇ 31ರವರೆಗೆ ಅವನು ಬರೆದದ್ದೆಲ್ಲ ಶೀಘ್ರಲಿಪಿಯಲ್ಲಿ. ತೀರಾ ಗುಟ್ಟಿನ ಕಡೆ ಸ್ಪ್ಯಾನಿಷ್, ಫ್ರೆಂಚ್ ಪದಗಳ ಮಿಶ್ರಣ. ಆದರೂ ಡೈರಿಯ ಸಂಪುಟಗಳನ್ನು ಸುಡಲಿಲ್ಲ, ಚೆನ್ನಾಗಿ ರಟ್ಟು ಹಾಕಿಸಿ ತನ್ನ ಗ್ರಂಥಾಲಯದ ಜೊತೆ ಕಾಲೇಜಿಗೆ ಹೋಗುವಂತೆ ಉಯಿಲು ಮಾಡಿದ. ಆ ಲಿಪಿಯನ್ನು ಕಲಿಸುವ ಕೈಪಿಡಿಯೂ ಅದೇ ಗ್ರಂಥಾಲಯದಲ್ಲಿತ್ತು! ಅದು ಗೊತ್ತಾಗದೆ ಒಬ್ಬರು ಮೂರು ವರ್ಷ ಕೂತು ಅಕ್ಷರ ಬಿಡಿಸಿದರು. 1825ರಲ್ಲಿ ಮೊದಲ ಮುದ್ರಣ. ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಹೊಸಿಲ ಮೇಲೇ ಬಿಟ್ಟುಹೋದ ಆಸಾಮಿ. ‘ಯಾರಿಗೂ ತೋರಿಸ್ಬೇಡಿ’ ಅನ್ನುತ್ತಲೇ ನೋಟ್‌ಬುಕ್ ನನ್ನ ಕೈಗಿಡುವವರನ್ನು ಕಂಡಾಗ ಇವನು ನೆನಪಾಗುತ್ತಾನೆ.

ಡೈರಿ ವೇಷ ಹಾಕಿದರೆ

ಮನೆಗಿಟ್ಟ ಹಾಲಿಗೂ ಫ್ಯಾಟ್ ನೋಡಲು ಶುರುಮಾಡುವವರಿದ್ದಾರೆ. ಮುಂದೆ ಯಾರಾದರೂ ಓದಬಹುದು ಅನ್ನುವ ಯೋಚನೆ ತಲೆಗೆ ಹೊಕ್ಕರೆ ಡೈರಿಯ ವಾಕ್ಯಗಳು ಇಸ್ತ್ರಿ ಹಾಕಿಕೊಳ್ಳುತ್ತವೆ. ಗುರುತು ಹಿಡಿಯುವುದು ಕಷ್ಟವಲ್ಲ. ತನಗೆ ಗೊತ್ತೇ ಇರುವುದನ್ನು ತನಗೇ ವಿವರಿಸುತ್ತಾರೆ: ‘ನನ್ನ ದೊಡ್ಡಣ್ಣ, ಅಂದರೆ ಅರಸೀಕೆರೆಯಲ್ಲಿ ಅಂಗಡಿ ಇಟ್ಟಿರುವವನು…’ ಜಗಳದ ಪುಟದಲ್ಲೆಲ್ಲ ತಾವೇ ಸರಿ. ಹಲ್ಲುನೋವು, ಸಾಲದ ಕಂತು, ಮತ್ಸರ, ಇವು ಯಾವುವೂ ಇರುವುದಿಲ್ಲ. ಸೂರ್ಯಾಸ್ತ ಮಾತ್ರ ದಿನಾ ಇರುತ್ತದೆ. ಹಾಗೆ ಬರೆದ ಡೈರಿ ತನಗೂ ಸಾಲದು, ಓದುಗರಿಗೂ ಸಾಲದು.

ಉಲ್ಟಾ ಆಗುವುದೂ ಉಂಟು. ಕಥೆ ಅಂತ ಕೊಟ್ಟದ್ದರಲ್ಲಿ ‘ಇವರು’ ಯಾರೆಂದೇ ಗೊತ್ತಾಗುವುದಿಲ್ಲ, ‘ನಡೆದದ್ದೇ ಹಾಗೆ ಸಾರ್’ ಅನ್ನುತ್ತಾರೆ. ನಡೆದಿರಬಹುದು. ನಡೆದದ್ದು ಅನ್ನುವುದೊಂದೇ ಅದನ್ನು ಕಥೆ ಮಾಡುವುದಿಲ್ಲ.

ಬರೆದರೆ ಹಗುರವಾಗುತ್ತದೆಯೇ?

‘ಬರೆದುಬಿಡಿ, ಮನಸ್ಸು ಹಗುರಾಗುತ್ತೆ’ ಅನ್ನುವ ಮಾತಿಗೆ ಆಧಾರವಿದೆ, ಆದರೆ ಹೇಳುವಷ್ಟು ದೊಡ್ಡದಲ್ಲ. 1986ರಲ್ಲಿ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 46 ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ, ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಸಿದರು. ಕೆಲವರಿಗೆ ಸಾಧಾರಣ ವಿಷಯ, ಉಳಿದವರಿಗೆ ತಮ್ಮ ಬದುಕಿನ ಗಾಯ. ನಡೆದದ್ದನ್ನೂ ಅನ್ನಿಸಿದ್ದನ್ನೂ ಸೇರಿಸಿ ಗಾಯದ ಬಗ್ಗೆ ಬರೆದವರು ಬರೆದ ಕೂಡಲೇ ಇನ್ನಷ್ಟು ಕುಗ್ಗಿದರು. ಆದರೆ ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆಮೇಲೆ ಇಂಥ ಪ್ರಯೋಗಗಳು ಬಹಳ ನಡೆದವು. 2006ರಲ್ಲಿ 146 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಪ್ರಯೋಜನ ಇದೆ, ಸರಾಸರಿಯಲ್ಲಿ ಸಣ್ಣದು ಅಂತ ಕಂಡಿತು. ಬರೆದು ಬರೆದು ನೋವು ಹೆಚ್ಚಾಗುತ್ತಿದ್ದರೆ ಪೆನ್ನು ಕೆಳಗಿಟ್ಟು ಡಾಕ್ಟರ ಹತ್ತಿರ ಹೋಗುವುದೇ ಸರಿ.

ಈ ಪ್ರಯೋಗಗಳಲ್ಲಿ ವಿದ್ಯಾರ್ಥಿಗಳಿಗೆ ಒಂದು ಭರವಸೆ ಇತ್ತು: ಬರೆದದ್ದು ಗೋಪ್ಯ, ಕಾಗುಣಿತ ವ್ಯಾಕರಣದ ಚಿಂತೆ ಬೇಡ. ಫ್ಯಾಟ್ ನೋಡುವವರು ಇರಲಿಲ್ಲ.

ನಮ್ಮ ನೋಟ್‌ಬುಕ್ಕು, ಬೇರೆಯವರ ಗುಟ್ಟು

ಡೈರಿ ನಮ್ಮದು ಅನ್ನುತ್ತೇವೆ. ತೆರೆದು ನೋಡಿದರೆ ಅದರೊಳಗೆ ಅರ್ಧದಷ್ಟು ಬೇರೆಯವರೇ: ಅತ್ತಿಗೆಯ ಬಸುರು ಇಳಿದದ್ದು, ಭಾವನ ಕುಡಿತ, ಪಕ್ಕದ ಮನೆಯ ಹುಡುಗಿ ರಾತ್ರಿ ಬಂದು ಕೂತದ್ದು. ನಮ್ಮ ಗುಟ್ಟನ್ನು ಬಿಚ್ಚಿಡುವುದು ನಮ್ಮ ಇಷ್ಟ, ಅವರದ್ದನ್ನು? ಮೊದಲು ಕಾನೂನು ಏನನ್ನುತ್ತದೆ ನೋಡೋಣ.

ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿದೆ. ಅದು ಅಪರಾಧವಾಗಲು ಮಾತು ಮೂರನೆಯವರಿಗೆ ಮುಟ್ಟಬೇಕು. ಬೀರುವಿನಲ್ಲಿ ಬೀಗ ಹಾಕಿ ಇಟ್ಟ ಪುಟ ಯಾರಿಗೂ ಮುಟ್ಟಿಲ್ಲ. ಅಲ್ಲಿ ಏನು ಬೈದರೂ ಅದು ನಿಮ್ಮ ನಿಮ್ಮಲ್ಲೇ. ಅದೇ ಪುಟದ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಲೆಕ್ಕ ಬೇರೆ.

‘ನಾನು ಸುಳ್ಳು ಬರೆದಿಲ್ಲ, ಸತ್ಯವನ್ನೇ ಬರೆದಿದ್ದೇನೆ’ ಅನ್ನುವುದು ಎಲ್ಲ ಕಡೆ ಕಾಯುವುದಿಲ್ಲ. ಗಲ್ಲು ಶಿಕ್ಷೆಯಾಗಿದ್ದ ಆಟೋ ಶಂಕರ್ ಎಂಬ ಕೈದಿ ಜೈಲಿನಲ್ಲಿ ಆತ್ಮಕಥೆ ಬರೆದಿದ್ದ. ತಮಿಳು ಪತ್ರಿಕೆಯೊಂದು ಅದನ್ನು ಪ್ರಕಟಿಸಲು ಹೊರಟಾಗ ಎದ್ದ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ವ್ಯಕ್ತಿಯ ಕುಟುಂಬ, ದಾಂಪತ್ಯ, ತಾಯ್ತನ, ಮಕ್ಕಳು ಮುಂತಾದ ಖಾಸಗಿ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದು, ನಿಜವಿರಲಿ ಸುಳ್ಳಿರಲಿ, ಹೊಗಳಿಕೆಯಿರಲಿ ತೆಗಳಿಕೆಯಿರಲಿ. ಕೋರ್ಟಿನ ಕಾಗದದಂಥ ಸಾರ್ವಜನಿಕ ದಾಖಲೆಯಲ್ಲಿ ಇರುವುದಕ್ಕೆ ವಿನಾಯಿತಿ. ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸ್ಪಷ್ಟವಾಗಿ ಹೇಳಿದೆ. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಹಕ್ಕುಸ್ವಾಮ್ಯದ ಪ್ರಶ್ನೆಯನ್ನೂ ಕೇಳುತ್ತಾರೆ, ಚುಟುಕಾಗಿ: ಬರೆದ ಕ್ಷಣದಿಂದಲೇ ಅದು ಬರೆದವರದ್ದು, ಅಚ್ಚಾಗಿರಬೇಕಿಲ್ಲ, ನೋಂದಣಿ ಬೇಕಿಲ್ಲ. ಬದುಕಿರುವಾಗಲೇ ಪ್ರಕಟವಾದರೆ ಬರೆದವರ ಆಯಸ್ಸು, ಅದರ ಮೇಲೆ 60 ವರ್ಷ. ಸತ್ತ ಮೇಲೆ ಮೊದಲ ಸಲ ಪ್ರಕಟವಾದರೆ, ಪ್ರಕಟವಾದಲ್ಲಿಂದ 60 ವರ್ಷ. ನಿಮಗೆ ಬಂದ ಪತ್ರದ ಕಾಗದ ನಿಮ್ಮದು, ಅದರಲ್ಲಿನ ಬರಹ ಮಾತ್ರ ಬರೆದವರದ್ದು. ಹಾಗಾಗಿ ಡೈರಿಯಲ್ಲಿ ಅಂಟಿಸಿಕೊಂಡ ಗೆಳತಿಯ ಪತ್ರವನ್ನು ಹಾಗೇ ಪುಸ್ತಕಕ್ಕೆ ಹಾಕಲು ಅವಳನ್ನು ಕೇಳಬೇಕು.

ಕಾನೂನಿಗಿಂತ ಕಷ್ಟದ್ದು ಊರು. ಬೆಂಗಳೂರಿನಲ್ಲಿ ಹೆಸರು ಬದಲಿಸಿದರೆ ಮುಗಿಯಿತೇನೋ. ಸಕಲೇಶಪುರದಲ್ಲೋ ಕೊಪ್ಪದಲ್ಲೋ ಹಾಗಲ್ಲ. ‘ಸಂತೆ ಬೀದಿಯ ಔಷಧಿ ಅಂಗಡಿಯವನ ಎರಡನೇ ಸೊಸೆ’ ಅಂತ ಬರೆದು ಅವಳನ್ನು ಗಿರಿಜಾ ಅಂದರೇನು, ಸರೋಜಾ ಅಂದರೇನು? ಹೆಸರು ಕೊನೆಯ ಗುರುತು. ಬೀದಿ, ಅಂಗಡಿ, ಎಷ್ಟನೇ ಸೊಸೆ, ಆಡುವ ಮಾತಿನ ವರಸೆ, ಇವು ಮೊದಲ ಗುರುತುಗಳು. ಅನುಭವಿಗಳು ಮಾಡುವುದೇನೆಂದರೆ, ಘಟನೆಯ ಒಳಗಿನ ತಿರುಳನ್ನು ಉಳಿಸಿಕೊಂಡು ಸುತ್ತಲಿನದೆಲ್ಲವನ್ನೂ ಬೇರೆ ಮಾಡುತ್ತಾರೆ. ಔಷಧಿ ಅಂಗಡಿ ಅಕ್ಕಿ ಗಿರಣಿಯಾಗುತ್ತದೆ, ಸೊಸೆ ನಾದಿನಿಯಾಗುತ್ತಾಳೆ, ಇಬ್ಬರು ಒಬ್ಬರಾಗುತ್ತಾರೆ. ಆಗ ಗೊತ್ತಾಗುವ ಸ್ವಾರಸ್ಯ ಒಂದಿದೆ: ಗುರುತು ಅಳಿಸಲೆಂದು ಮಾಡಿದ ಬದಲಾವಣೆಯೇ ಎಷ್ಟೋ ಸಲ ಕಥೆಗೆ ಜೀವ ಕೊಡುತ್ತದೆ. ಗಿರಣಿಯ ಸದ್ದು ಬಂತು ಅಂದರೆ, ಮನೆಯವರು ಕೂಗಿ ಮಾತಾಡಬೇಕಾಗುತ್ತದೆ. ಕೂಗಿ ಮಾತಾಡುವ ಮನೆಯಲ್ಲಿ ಗುಟ್ಟು ಇಟ್ಟುಕೊಳ್ಳುವುದು ಹೇಗೆ? ನೋಡಿ, ಡೈರಿಯಲ್ಲಿ ಇಲ್ಲದ ಪ್ರಶ್ನೆ ಹುಟ್ಟಿತು.

ಕಾಲದ ಅಂತರ ಇನ್ನೊಂದು ದಾರಿ. ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರದ ನಂಟಿನ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಬಂತು. ಬಾಲ್ಯದಲ್ಲೇ ವಿಧವೆಯಾದ, ನಿಜಕ್ಕೂ ಬದುಕಿದ್ದ ಹೆಣ್ಣೊಬ್ಬಳ ಕಥೆ ಅದು, ಲೇಖಕಿಗೆ ತಾಯಿಯ ಬಾಯಿಂದ ಬಂದದ್ದು. ಮನೆಯೊಳಗೇ ಮುಗಿಯಬಹುದಾಗಿದ್ದ ಬದುಕು ತಲೆಮಾರು ದಾಟಿ ಬಂದು ಕಾದಂಬರಿಯಾಯಿತು. ಇವತ್ತು ನಡೆದದ್ದನ್ನು ಇವತ್ತೇ ಊರಿಗೆ ಹೇಳುವುದಕ್ಕೂ ಇದಕ್ಕೂ ಬಹಳ ಅಂತರವಿದೆ.

ಬೀಗ, ಫೋನು, ಎರಡು ನೋಟ್‌ಬುಕ್ಕು

ಕಾಗದಕ್ಕೆ ಟ್ರಂಕು ಸಾಕು. ಮಲೆನಾಡಿನಲ್ಲಾದರೆ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳಬೇಕು, ಅದೇ ದೊಡ್ಡ ಶತ್ರು. ಫೋನಿನಲ್ಲಿ ಬರೆಯುವವರು ಎರಡು ಬೀಗ ಬೇರೆ ಬೇರೆ ಅಂತ ತಿಳಿದಿರಬೇಕು. ಫೋನಿನ ಪಿನ್ನು ಬೀದಿಬಾಗಿಲ ಬೀಗ. ಮನೆಯವರಿಗೆಲ್ಲ ಅದು ಗೊತ್ತಿರುತ್ತದೆ. ಬರೆಯುವ ಆ್ಯಪ್‌ಗೇ ಬೇರೆ ಪಾಸ್‌ವರ್ಡ್ ಹಾಕಿದರೆ ಅದು ಬೀರುವಿನ ಬೀಗ. ಅದರ ಮೇಲೆ ಬ್ಯಾಕಪ್ ಅನ್ನುವುದೊಂದಿದೆ: ನಿಮಗೆ ಕಾಣದ ಹಾಗೆ ಬರಹದ ನಕಲು ಕಂಪನಿಯ ಕಂಪ್ಯೂಟರಿನಲ್ಲಿ ಕೂತಿರುತ್ತದೆ, ಅದೇ ಖಾತೆ ತೆರೆದಿರುವ ಮಗನ ಟ್ಯಾಬಿನಲ್ಲೂ ತಲೆ ಎತ್ತಬಹುದು. ಸೆಟ್ಟಿಂಗ್ಸಿನಲ್ಲಿ ಅದನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ತಾನೊಬ್ಬಳೇ ಇರುವ ವಾಟ್ಸಾಪ್ ಗುಂಪು ಮಾಡಿಕೊಂಡು ಅದರಲ್ಲಿ ಡೈರಿ ಬರೆಯುವ ಹುಡುಗಿಯೊಬ್ಬಳು ಒಂದು ರಾತ್ರಿ ಆ ಗುಂಪಿಗೆ ಕಳಿಸಬೇಕಾದ್ದನ್ನು ‘ಮನೆಯವರು’ ಗುಂಪಿಗೆ ಕಳಿಸಿದ್ದಳು. ಅಳಿಸುವಷ್ಟರಲ್ಲಿ ದೊಡ್ಡಪ್ಪ ಹೆಬ್ಬೆಟ್ಟು ಎತ್ತಿ ಚಿತ್ರ ಹಾಕಿದ್ದರಂತೆ. ಓದಿ ಹಾಕಿದರೋ ಓದದೆ ಹಾಕಿದರೋ ಇವತ್ತಿಗೂ ಅವಳಿಗೆ ತಿಳಿಯದು.

ಎರಡೂ ಬೇಕು ಅನ್ನುವವರಿಗೆ ನಾನು ಕಂಡ ಹಾಗೆ ಕೆಲಸಕ್ಕೆ ಬರುವುದು ಎರಡು ನೋಟ್‌ಬುಕ್ಕಿನ ಪದ್ಧತಿ. ಒಂದು ಮನೆಗೆ: ತಪ್ಪು, ಬೈಗುಳ, ಹಾಲಿನ ಲೆಕ್ಕ, ಏನು ಬೇಕಾದರೂ. ಅದನ್ನು ಯಾರಿಗೂ ಕೊಡುವುದಿಲ್ಲ, ನನಗೂ. ಇನ್ನೊಂದು ಹೊರಗೆ ಹೋಗಬಹುದಾದದ್ದಕ್ಕೆ. ಮೊದಲನೆಯದನ್ನು ತಿಂಗಳಿಗೋ ಆರು ತಿಂಗಳಿಗೋ ಓದಿ, ಇನ್ನೂ ಬಿಸಿಯಿರುವುದನ್ನು ಮುಟ್ಟದೆ, ತಣ್ಣಗಾದ ಒಂದೆರಡು ಸಾಲನ್ನು ಮಾತ್ರ ಎರಡನೆಯದಕ್ಕೆ ದಾಟಿಸುವುದು. ದಾಟಿಸುವಾಗ ನೋಡಿ ನಕಲು ಮಾಡಬಾರದು. ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆದರೆ ‘ಇವರು’, ‘ಅದೇ ವಿಷ್ಯ’ ತಾವಾಗಿ ಉದುರುತ್ತವೆ, ಕೆಮ್ಮು ತಾನಾಗಿ ಬರುತ್ತದೆ. ಸತ್ತ ಮೇಲೆ ಮೊದಲನೆಯದು ಏನಾಗಬೇಕು ಅಂತ ಮನೆಯ ಒಬ್ಬರಿಗಾದರೂ ಹೇಳಿಡುವುದು ಲೇಸು, ಪೀಪ್ಸ್‌ನ ಹಾಗೆ ಬಯಸಿದರೆ ಕಾಲೇಜಿಗೆ, ಇಲ್ಲವಾದರೆ ಬಚ್ಚಲ ಒಲೆಗೆ.

ತೋಟದ ರೈಟರ್ ಎರಡು ನೋಟ್‌ಬುಕ್ ಇಟ್ಟವರಲ್ಲ. ಅವರಿಗೆ ಬೇಕಾಗಿದ್ದದ್ದು ಮಳೆಯ ಲೆಕ್ಕ ಮತ್ತು ತೋಟದ ಕೆಲಸದ ನೆನಪು, ಮೊಮ್ಮಕ್ಕಳಿಗೆ ಒಂದು ಪುಟ್ಟ ಪುಸ್ತಕವಾಗಿ. ಸಣ್ಣ ಅಕ್ಷರದ್ದರಲ್ಲಿ ಕೆಲವನ್ನು ತಾವೇ ಗುರುತು ಹಾಕಿಕೊಟ್ಟರು: ಕಾಫಿ ಹೂ ಅರಳಿಸುವ ಹೂಮಳೆ ತಪ್ಪಿದ ವರ್ಷ, ಗಿಡದ ಕೆಳಗೆ ಹುಟ್ಟಿದ ಆಳಿನ ಮಗು. ಒಂಬತ್ತನೇ ಡೈರಿಯ ಒಂದು ಹಾಳೆಯನ್ನು ಮಾತ್ರ ಮಡಿಚಿ ಸುತ್ತಲೂ ಸ್ಟೇಪ್ಲರ್ ಪಿನ್ನು ಹೊಡೆದಿತ್ತು. ಪಿನ್ನುಗಳಿಗೆ ತುಕ್ಕು ಹಿಡಿದು ಕಾಗದಕ್ಕೆ ಕೆಂಪು ಇಳಿದಿತ್ತು. ‘ಅದೊಂದು ಬಿಟ್ಟು ಟೈಪ್ ಮಾಡ್ಸಿ’ ಅಂದರು. ಹಾಳೆಯ ಮೇಲ್ಗಡೆಯ ಮಳೆಯೂ ಒಳಗೇ ಉಳಿದಿದೆ, ಅದಾದರೂ ಬೇಡವೇ ಅಂತ ಕೇಳಿದೆ. ತಲೆ ಅಲ್ಲಾಡಿಸಿದರು.

ಟೈಪಾದ ಪ್ರತಿಯಲ್ಲಿ ಜುಲೈ 11ಕ್ಕೆ 4 ಇಂಚು 35 ಸೆಂಟು. ಅದರ ಕೆಳಗಿನ ಸಾಲು ಜುಲೈ 14.